ಸೀಟಿನಲ್ಲಿ ಕೂರುವ ತನಕ

ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಮೇಟಗಳ್ಳಿ ದಾಟುವಾಗ ಗಾಳಿ ಈ ಕಡೆಗೆ ಬೀಸುತ್ತಿದ್ದರೆ ಬಿಸಿ ರಬ್ಬರಿನ ವಾಸನೆ ಮೂಗಿಗೆ ಹತ್ತುತ್ತದೆ. ಸುತ್ತಮುತ್ತ ಮನೆ ಮಾಡಿಕೊಂಡವರಿಗೆ ಅದರ ಅರಿವೇ ಇರುವುದಿಲ್ಲ. ಹೊಸಬರು ಮಾತ್ರ ಒಮ್ಮೆ ಮೂಗು ಮುಚ್ಚಿಕೊಂಡು, ಆಮೇಲೆ ಏನೆಂದು ಕೇಳುತ್ತಾರೆ. ವಾಸನೆ ಬರುವ ಆ ಟೈರ್ ಕಾರ್ಖಾನೆ ಜೆಕೆ ಟೈರ್ ಕೈಗೆ ಹೋದದ್ದು 1997ರಲ್ಲಿ. ಹಳಬರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ವಿಕ್ರಾಂತ್. ಬಾಡಿಗೆ ಮನೆಗೆ ಗುರುತು ಹೇಳುವಾಗಲೂ ವಿಕ್ರಾಂತ್ ಹತ್ತಿರ ಬಂದು ಫೋನ್ ಮಾಡಿ ಅನ್ನುತ್ತಾರೆ. ಬೆಳಗಿನ ಪಾಳಿ ಬಿಟ್ಟವರ ಸ್ಕೂಟರುಗಳು ಒಂದರ ಹಿಂದೊಂದು ಹೊರಬರುವ ಹೊತ್ತಿಗೆ ಎಡಬದಿಯ ಟೀ ಅಂಗಡಿಯಲ್ಲಿ ಎರಡನೇ ಸಲದ ಹಾಲು ಉಕ್ಕುತ್ತಿರುತ್ತದೆ.

ಅಲ್ಲಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಳಗೆ ತಿರುಗಿಕೊಳ್ಳೋಣ. ರಸ್ತೆಯ ಎರಡೂ ಬದಿ ದೊಡ್ಡ ಕಾಂಪೌಂಡುಗಳು, ಅವುಗಳ ಸಂದಿಯಲ್ಲಿ ಸಿಮೆಂಟ್ ಶೀಟಿನ ಸಣ್ಣ ಷೆಡ್ಡುಗಳು. ಒಳಗೆ ಹೋದಷ್ಟೂ ಸದ್ದು ಬದಲಾಗುತ್ತದೆ. ಎಲ್ಲೋ ಗ್ರೈಂಡರಿನ ಕೀರಲು, ಇನ್ನೆಲ್ಲೋ ಪವರ್ ಪ್ರೆಸ್ಸಿನ ದಡಾರ್ ದಡಾರ್, ನಡುನಡುವೆ ಲೇತ್ ಯಂತ್ರದ ಏಕತಾನದ ಗುಂಯ್. ಕೂಲೆಂಟಿನ ಹಾಲುಬಣ್ಣದ ನೀರು ಚಕ್ಕಿನ ಮೇಲೆ ಸುರಿಯುತ್ತಿದ್ದರೆ ಕೊಯ್ದ ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಒಂದು ಷೆಡ್ಡಿನ ಬಾಗಿಲಲ್ಲಿ, ಹೆಗಲಿಗೆ ಕಾಲೇಜು ಬ್ಯಾಗು, ಕೈಯಲ್ಲಿ ಮಡಿಸಿದ ಡ್ರಾಯಿಂಗು ಹಿಡಿದ ಒಬ್ಬ ಹುಡುಗಿ ನಿಂತಿದ್ದಾಳೆ. ಉಗುರಿನ ಸಂದಿಯಲ್ಲಿ ಗ್ರೀಸು. ಜಡೆಯನ್ನು ಎತ್ತಿ ಕ್ಲಿಪ್ ಹಾಕಿಕೊಂಡಿದ್ದಾಳೆ. ಲೇತ್ ಪಕ್ಕ ಇಳಿಬಿಟ್ಟ ಕೂದಲಿಗೆ ಪ್ರವೇಶವಿಲ್ಲ.

“ಏನವ್ವಾ, ಮೊನ್ನೆ ಕೊಟ್ಟಿದ್ದು ಕೂರ್ಲಿಲ್ವಾ?” ಎಂದು ಲೇತಿನ ಮುಂದಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡುತ್ತಾರೆ.

“ಕೂತ್ಕೊಳ್ತು ಅಂಕಲ್. ಆದ್ರೆ ಬೇರಿಂಗ್ ಆಡ್ತಾ ಇದೆ.”

“ಎಷ್ಟು?”

“ಐವತ್ತು ಮೈಕ್ರಾನ್.”

ಅವರು ಮಾತಾಡದೆ ವರ್ನಿಯರ್ ಪಕ್ಕಕ್ಕಿಟ್ಟು, ಮರದ ಡಬ್ಬಿಯಿಂದ ಮೈಕ್ರೋಮೀಟರ್ ತೆಗೆಯುತ್ತಾರೆ. ಹುಡುಗಿ ಬ್ಯಾಗಿನಿಂದ ತೆಗೆದದ್ದು ಅಂಗೈ ಅಗಲದ ಒಂದು ಗಾಲಿ ಹಬ್ಬು. ಐವತ್ತು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನಲ್ಲಿ ಇಪ್ಪತ್ತರಲ್ಲೊಂದು ಪಾಲು. ಹಿರಿಯರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು. 1960ರ ದಶಕದ ಮೊದಲಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೆಲಸ ಕಲಿತ ಕೈಗಳು ಊರಿನ ಸಣ್ಣ ಸಣ್ಣ ವರ್ಕ್‌ಷಾಪುಗಳಿಗೆ ಹರಿದು ಹಂಚಿಹೋದವು. ಹಾಗೆ ಉಳಿದ ಒಂದು ಜೊತೆ ಕೈ ಈಗ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಕಟ್ಟುವ ರೇಸ್ ಕಾರಿಗೆ ಹಬ್ಬು ತಿರುಗಿಸಿಕೊಡುತ್ತಿದೆ. “ಇದ್ರಲ್ಲಿ ನೀನೇ ಕೂರೋದಾ?” ಎಂದು ಅವರು ಕೇಳಿದ್ದಕ್ಕೆ ಹುಡುಗಿ ಹೂಂ ಅಂದಳು. ಹಬ್ಬನ್ನು ಚಕ್ಕಿಗೆ ಕಟ್ಟಿದ ಮೇಲೆ ಅವರು ಡಯಲ್ ಇಟ್ಟು ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು, ಮೂರನೇ ಸಲವೂ ನೋಡಿದರು.

ಕಾಲೇಜಿನ ಷೆಡ್ಡಿಗೆ ಬನ್ನಿ. ಕಾರು ನೋಡಲೇಬೇಕು. ಅದು ಕಾರೆಂದು ಗೊತ್ತಾಗುವುದಕ್ಕೆ ಮೊದಲ ನೋಟ ಸಾಲದು. ಇನ್ನೂ ಬಾಡಿ ಏರಿಲ್ಲ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಉದ್ದನೆಯ ಪಂಜರ, ಅದರ ನಾಲ್ಕು ಮೂಲೆಯಿಂದ ಹೊರಚಾಚಿದ ತೆಳ್ಳನೆಯ ಕಂಬಿಗಳು, ಕಂಬಿಗಳ ತುದಿಯಲ್ಲಿ ಮಡ್‌ಗಾರ್ಡಿಲ್ಲದ, ಬಾನೆಟ್ಟಿನಡಿ ಅಡಗಿರದ ನಾಲ್ಕು ಗಾಲಿಗಳು. ಫಾರ್ಮುಲಾ ಕಾರುಗಳ ಲಕ್ಷಣವೇ ಇದು: ಗಾಲಿ ಬಯಲಿಗೆ, ಸೀಟು ಒಬ್ಬರಿಗೆ. ಬೆನ್ನ ಹಿಂದೆ ಎಂಜಿನ್ನು. ಇಲ್ಲಿರುವುದು ಕೆಟಿಎಂ 390 ಬೈಕಿನ 373 ಸಿಸಿ ಎಂಜಿನ್. ವಿದ್ಯಾರ್ಥಿಗಳ ಫಾರ್ಮುಲಾ ಸ್ಪರ್ಧೆಯಲ್ಲಿ 710 ಸಿಸಿವರೆಗೆ ಅವಕಾಶವಿದೆ. ಎಷ್ಟೇ ದೊಡ್ಡ ಎಂಜಿನ್ ತಂದರೂ ಅದು ಉಸಿರಾಡುವ ಗಾಳಿಯೆಲ್ಲ 20 ಮಿ.ಮೀ. ಅಗಲದ ಒಂದೇ ರಂಧ್ರದ ಮೂಲಕ ಹೋಗಬೇಕು. ಹೆಬ್ಬೆರಳು ತೂರಿದರೆ ತುಂಬಿಹೋಗುವ ಆ ರಂಧ್ರಕ್ಕಾಗಿ ಇಬ್ಬರು ಹುಡುಗರು ಒಂದು ಸೆಮಿಸ್ಟರ್ ಪೂರ್ತಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ.

ಪೆಟ್ರೋಲು, ವೆಲ್ಡಿಂಗಿನ ಹೊಗೆ, ಫೈಬರಿಗೆ ಬಳಿದ ರೆಸಿನ್ನಿನ ಮೂಗು ಚುರುಗುಟ್ಟಿಸುವ ಘಾಟು, ಇವೆಲ್ಲದರ ಮೇಲೆ ಯಾರೋ ಕ್ಯಾಂಟೀನಿನಿಂದ ಕಟ್ಟಿಸಿಕೊಂಡು ಬಂದ ರೈಸ್‌ಬಾತಿನ ಪರಿಮಳ. ಗೋಡೆಗೆ ಒರಗಿಸಿದ ರಟ್ಟಿನಲ್ಲಿ ಮನುಷ್ಯನ ಆಕಾರವೊಂದನ್ನು ಕತ್ತರಿಸಿ ಇಟ್ಟಿದ್ದಾರೆ. ತಲೆಗೆ ಒಂದು ವೃತ್ತ, ಭುಜಕ್ಕೊಂದು, ಸೊಂಟಕ್ಕೊಂದು. ನೂರು ಗಂಡಸರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ತೊಂಬತ್ತೈದನೆಯವನು ಎಷ್ಟಿರುತ್ತಾನೋ ಅಷ್ಟು ಅಳತೆ. ಅವನು ಕಾರಿನೊಳಗೆ ಹಿಡಿಸಬೇಕೆಂದು ನಿಯಮ ಹೇಳುತ್ತದೆ. ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ನೂರು ಹೆಂಗಸರ ಸಾಲಿನಲ್ಲಿ ಗಿಡ್ಡಗಿರುವ ಐದನೆಯವಳ ಕಾಲಿಗೂ ಪೆಡಲು ಸಿಗಬೇಕು. ಅದಕ್ಕಾಗಿ ಪೆಡಲುಗಳನ್ನು ಒಂದು ಹಳಿಯ ಮೇಲೆ ಕೂರಿಸಿ, ಪಿನ್ನು ಕಿತ್ತರೆ ಹಿಂದೆ ಮುಂದೆ ಸರಿಯುವಂತೆ ಮಾಡಿದ್ದಾರೆ. ನಮ್ಮ ಹುಡುಗಿ ಬ್ಯಾಗು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಪಂಜರದೊಳಕ್ಕೆ ಕಾಲು ಇಳಿಬಿಟ್ಟು ಕೂತಳು. ಪೆಡಲಿಗೂ ಪಾದಕ್ಕೂ ಇನ್ನೂ ನಾಲ್ಕು ಬೆರಳು ದೂರ. “ಇನ್ನೆರಡು ತೂತು ಹಿಂದಕ್ಕೆ ತಗೊಳ್ರೋ” ಎಂದಳು. ಕಾರಿನಡಿ ಮಲಗಿದ್ದವನು ಸ್ಪ್ಯಾನರಿಗಾಗಿ ಕೈಯನ್ನಷ್ಟೇ ಹೊರಗೆ ಚಾಚಿದ.

ಆಮೇಲೆ ಅವರು ಒಂದು ಆಟ ಶುರುಮಾಡುತ್ತಾರೆ, ಹೊರಗಿನವರಿಗೆ ಆಟದಂತೆ ಕಂಡರೂ ಅದು ಪರೀಕ್ಷೆ. ಹುಡುಗಿ ಪೂರ್ತಿ ಸಜ್ಜಾಗಿ ಕೂರಬೇಕು: ಬೆಂಕಿ ಹಿಡಿಯದ ಬಟ್ಟೆಯ ಸೂಟು, ತಲೆಗೆ ಬಾಲಾಕ್ಲಾವಾ, ಅದರ ಮೇಲೆ ಹೆಲ್ಮೆಟ್, ಕೈಗವಸು, ಕಾರು ಮಗುಚಿದರೆ ಕೈ ಹೊರಗೆ ಹೋಗದಂತೆ ತಡೆಯುವ ಪಟ್ಟಿ, ಹೆಗಲಿಂದ ತೊಡೆಸಂದಿಯವರೆಗೂ ಬಿಗಿದ ಬೆಲ್ಟು. ಕೈ ಎರಡೂ ಸ್ಟಿಯರಿಂಗಿನ ಮೇಲೆ. ವಾಚು ಹಿಡಿದವನು ‘ಗೋ’ ಅಂದದ್ದೇ ತಡ, ಬೆಲ್ಟಿನ ಬಕಲು ತಿರುವಿ, ಸ್ಟಿಯರಿಂಗನ್ನು ಕಿತ್ತು ಪಕ್ಕಕ್ಕೆಸೆದು, ಕೊಳವೆಗಳ ಮೇಲೆ ಕೈಯೂರಿ ಮೈಯನ್ನು ಮೇಲೆಳೆದುಕೊಂಡು ಹೊರಗೆ ನಿಲ್ಲಬೇಕು. ಐದು ಸೆಕೆಂಡು, ಅದರೊಳಗೆ ಮುಗಿಯಬೇಕು. ಮೊದಲ ಸಲ ಮೊಣಕಾಲು ತಗಲಿತು. ಎರಡನೇ ಸಲ ಕೈಪಟ್ಟಿ ಸಿಕ್ಕಿಕೊಂಡಿತು. ಆಮೇಲೆ ಬಂದಳು ನೋಡಿ, ನೀರಿನಿಂದ ಮೀನು ಚಿಮ್ಮಿದ ಹಾಗೆ. ಹೆಲ್ಮೆಟ್ ತೆಗೆದಾಗ ಮುಖವೆಲ್ಲ ಕೆಂಪು, ಹಣೆಯ ಮೇಲೆ ಸ್ಪಂಜಿನ ಅಚ್ಚು.

ಹೆಲ್ಮೆಟ್ಟಿನ ವಿಷಯ ಬಂದರೆ ಇಟಲಿಯ ಮರಿಯಾ ತೆರೇಸಾ ದೆ ಫಿಲಿಪ್ಪಿಸ್ ನೆನಪಾಗುತ್ತಾರೆ. 1926ರಲ್ಲಿ ನೇಪಲ್ಸಿನಲ್ಲಿ ಹುಟ್ಟಿದ ಅವರು 1958ರಲ್ಲಿ ಬೆಲ್ಜಿಯನ್ ಗ್ರ್ಯಾನ್ ಪ್ರಿಯಲ್ಲಿ ಮಾಸೆರಾಟಿ 250ಎಫ್ ಓಡಿಸಿ, ಫಾರ್ಮುಲಾ 1 ವಿಶ್ವ ಚಾಂಪಿಯನ್‌ಷಿಪ್ ರೇಸಿನಲ್ಲಿ ಸ್ಪರ್ಧಿಸಿದ ಮೊದಲ ಹೆಣ್ಣಾದರು. ಹತ್ತನೆಯವರಾಗಿ ಗೆರೆ ಮುಟ್ಟಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಅವರನ್ನು ಟ್ರ್ಯಾಕಿಗೆ ಬಿಡಲಿಲ್ಲ. ಹೆಂಗಸಿನ ತಲೆಗೆ ಒಪ್ಪುವ ಹೆಲ್ಮೆಟ್ ಕೇಶಾಲಂಕಾರದ ಅಂಗಡಿಯಲ್ಲಿರುವುದೊಂದೇ ಎಂಬರ್ಥದ ಮಾತನ್ನು ಅಲ್ಲಿನ ರೇಸ್ ಅಧಿಕಾರಿ ಆಡಿದ್ದನ್ನು ಅವರು ಮುಪ್ಪಿನಲ್ಲೂ ಮರೆತಿರಲಿಲ್ಲ. ಮರುವರ್ಷ ತಮ್ಮ ತಂಡದ ಮುಖ್ಯಸ್ಥ ಜ್ಯಾನ್ ಬೆಹ್ರಾ ಬರ್ಲಿನ್ನಿನ ಟ್ರ್ಯಾಕಿನಲ್ಲಿ ಸತ್ತ ಮೇಲೆ ಅವರು ರೇಸಿಂಗ್ ಬಿಟ್ಟರು. 2016ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಷೆಡ್ಡಿನಲ್ಲಿ ಈಗ ಬೋಲ್ಟ್ ಬಿಗಿಯುವ ಹೊತ್ತು. ಒಬ್ಬ ಟಾರ್ಕ್ ವ್ರೆಂಚ್ ಒತ್ತುತ್ತಾನೆ, ‘ಕಟಕ್’ ಅಂದರೆ ಸರಿಯಾಯಿತು. ಹಿಂದಿನಿಂದ ಇನ್ನೊಬ್ಬಳು ಹಳದಿ ಪೇಂಟಿನ ಪೆನ್ನಿನಿಂದ ನಟ್ಟಿನ ಮೇಲೂ ಕೊಳವೆಯ ಮೇಲೂ ಸೇರುವಂತೆ ಒಂದು ಗೀಟು ಎಳೆಯುತ್ತಾಳೆ. ಆ ಗೀಟು ಮುರಿದು ಎರಡಾಗಿ ಕಂಡರೆ ನಟ್ಟು ಸಡಿಲಾಗಿದೆ ಎಂದರ್ಥ. ರೇಸಿಂಗ್ ಚರಿತ್ರೆಯಲ್ಲಿ ಬೋಲ್ಟಿನ ಪಾಠ ಕಲಿಸಿದ ಒಂದು ಭಾನುವಾರವಿದೆ. 1975ರ ಏಪ್ರಿಲ್ 27, ಬಾರ್ಸಿಲೋನಾದ ಮೋಂಟ್ಜುಯಿಕ್ ಗುಡ್ಡದ ರಸ್ತೆ. ಪಕ್ಕದ ಕಬ್ಬಿಣದ ತಡೆಗೋಡೆಗೆ ಬೋಲ್ಟುಗಳನ್ನು ಸರಿಯಾಗಿ ಬಿಗಿದಿಲ್ಲವೆಂದು ಚಾಲಕರು ಮೊದಲೇ ಗಲಾಟೆ ಮಾಡಿದ್ದರು. ರೇಸು ನಡೆದೇಬಿಟ್ಟಿತು. ರೋಲ್ಫ್ ಸ್ಟೊಮ್ಮೆಲೆನ್ ಅವರ ಕಾರಿನ ಹಿಂದಿನ ರೆಕ್ಕೆ ಮುರಿದು, ಕಾರು ತಡೆಗೋಡೆ ದಾಟಿ ಬಿದ್ದು, ಅಲ್ಲಿ ನಿಂತಿದ್ದವರು ಸತ್ತರು. 75 ಸುತ್ತಿನ ರೇಸನ್ನು 29 ಸುತ್ತಿಗೆ ನಿಲ್ಲಿಸಿ ಅರ್ಧ ಅಂಕ ಹಂಚಿದರು. ಆ ಹೊತ್ತಿಗೆ ಆರನೇ ಸ್ಥಾನದಲ್ಲಿದ್ದವರು ಲೆಲ್ಲಾ ಲೊಂಬಾರ್ದಿ, ಮಾಂಸದಂಗಡಿಯ ಮನೆಯ ಮಗಳು. ಒಂದಂಕ ಬರಬೇಕಾದಲ್ಲಿ ಅರ್ಧ ಬಂತು. ಫಾರ್ಮುಲಾ 1 ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಹೆಣ್ಣೊಬ್ಬಳು ಗಳಿಸಿದ ಅಂಕ ಇಷ್ಟು ವರ್ಷವಾದರೂ ಅದೊಂದೇ, ಆ ಅರ್ಧವೇ.

ಸಂಜೆ ನಾಲ್ಕಾಯಿತೆಂದರೆ ಬೇರೆ ಗಡಿಬಿಡಿ. ಕಾರು ಓಡಿಸಿ ನೋಡಲು ಜಾಗ ಬೇಕಲ್ಲ! ಕಾಲೇಜಿನ ಪಾರ್ಕಿಂಗಿನಲ್ಲಿ ಬೈಕುಗಳು ಖಾಲಿಯಾಗುವ ತನಕ ಕಾಯಬೇಕು. ಕೆಂಪು ಕೋನುಗಳ ಚೀಲ ಹೊತ್ತು ಹುಡುಗರು ಓಡುತ್ತಾರೆ. ಸೆಕ್ಯೂರಿಟಿಯವರು ಗೇಟಿನ ಬಳಿ ನಿಂತು “ಆರು ಗಂಟೆಗೆ ಮುಗಿಸ್ಬಿಡಿ ಕಣ್ರಪ್ಪಾ” ಅನ್ನುತ್ತಾರೆ. ಎಂಜಿನ್ ಎರಡು ಸಲ ಕೆಮ್ಮಿ ಮೂರನೇ ಸಲ ಹತ್ತಿಕೊಂಡಾಗ ಹಾಸ್ಟೆಲ್ಲಿನ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಳ್ಳುತ್ತವೆ. ಎಂಟರ ಆಕಾರದಲ್ಲಿ ಕೋನು ಜೋಡಿಸಿ, ಒಂದು ಕಡೆ ಬಲಕ್ಕೆ, ಇನ್ನೊಂದು ಕಡೆ ಎಡಕ್ಕೆ ಸುತ್ತುವ ಅಭ್ಯಾಸ. ಪವರ್ ಸ್ಟಿಯರಿಂಗ್ ಇಲ್ಲ. ಪ್ರತಿ ತಿರುವಿನಲ್ಲೂ ಸ್ಟಿಯರಿಂಗು ಅಂಗೈಯೊಳಗೆ ಸೆಣಸುತ್ತದೆ. ಇಳಿದ ಹುಡುಗಿ ಮಣಿಕಟ್ಟು ಒತ್ತಿಕೊಳ್ಳುತ್ತಾ, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಮತ್ತೆ ಹೋಗಿ ಕೂರುತ್ತಾಳೆ.

ಅಮೆರಿಕದ ಜ್ಯಾನೆಟ್ ಗತ್ರಿಯವರದು ಇದಕ್ಕಿಂತ ದೊಡ್ಡ ಮಣಿಕಟ್ಟಿನ ಕತೆ. ಭೌತವಿಜ್ಞಾನ ಓದಿ ವಿಮಾನ-ಬಾಹ್ಯಾಕಾಶ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅವರು 1977ರಲ್ಲಿ ಇಂಡಿಯಾನಾಪೊಲಿಸ್ 500 ರೇಸಿಗೆ ಅರ್ಹತೆ ಪಡೆದ ಮೊದಲ ಮಹಿಳೆ. ಅದಕ್ಕೆ ಆರೇ ವರ್ಷ ಹಿಂದಿನವರೆಗೆ ಹೆಂಗಸರು ಆ ಟ್ರ್ಯಾಕಿನ ಗ್ಯಾರೇಜಿನೊಳಗೆ ಕಾಲಿಡುವಂತೆಯೇ ಇರಲಿಲ್ಲ. ಮೊದಲ ವರ್ಷ ಎಂಜಿನ್ ಕೈಕೊಟ್ಟಿತು. ಮರುವರ್ಷ ರೇಸಿಗೆ ಎರಡು ದಿನ ಇರುವಾಗ ಟೆನಿಸ್ ಆಡಲು ಹೋಗಿ ಮಣಿಕಟ್ಟು ಮುರಿದುಕೊಂಡರು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕಾರು ಕೊಡುತ್ತಿರಲಿಲ್ಲ. ಮುರಿದ ಕೈಯಲ್ಲೇ 500 ಮೈಲಿಯ ಆ ರೇಸು ಓಡಿಸಿ ಒಂಬತ್ತನೆಯವರಾದರು.

ಪಾರ್ಕಿಂಗಿನಲ್ಲಿ ಅಭ್ಯಾಸ ಮಾಡುವುದು ಈ ಮಕ್ಕಳ ಹಣೆಬರಹವಲ್ಲ, ನಮ್ಮ ರಾಜ್ಯದ ಸ್ಥಿತಿ. ರಾಷ್ಟ್ರೀಯ ಮಟ್ಟದ ಕಾರ್ ರೇಸುಗಳು ನಡೆಯುವ ಟ್ರ್ಯಾಕುಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ, ಕೊಯಮತ್ತೂರು, ದಿಲ್ಲಿ ಪಕ್ಕದ ಗ್ರೇಟರ್ ನೋಯಿಡಾ, ಹೀಗೆ ಎಲ್ಲವೂ ಗಡಿಯಾಚೆ. ಮೈಸೂರಿನ ಮೋಟಾರು ಹುಚ್ಚು ತೀರುವುದು ಮಣ್ಣಿನಲ್ಲಿ. ದಸರೆಯ ಹೊತ್ತಿಗೆ ಲಲಿತಮಹಲ್ ಕಡೆಯ ಮೈದಾನದಲ್ಲಿ ಗ್ರಾವೆಲ್ ಫೆಸ್ಟ್ ನಡೆದ ವರ್ಷಗಳಲ್ಲಿ ಬೆಟ್ಟದ ಕಡೆಗೆ ನೋಡಿದರೆ ಬೆಟ್ಟವೇ ಕಾಣದಷ್ಟು ಕೆಂಧೂಳು. ಜಿಪ್ಸಿಗಳು, ಹಳೆಯ ಎಸ್ಟೀಮುಗಳು ಅಡ್ಡಡ್ಡ ಜಾರುತ್ತಾ ಹೋದರೆ ಹಗ್ಗದಾಚೆ ನಿಂತ ಜನ ಚುರುಮುರಿಯ ಪೊಟ್ಟಣವನ್ನು ಅಂಗೈಯಿಂದ ಮುಚ್ಚಿಕೊಂಡು ಕೇಕೆ ಹಾಕುತ್ತಾರೆ. ಇಂಥ ಆಟೋಕ್ರಾಸುಗಳಲ್ಲಿ ಹೆಂಗಸರಿಗೆ ಬೇರೆ ವಿಭಾಗ ಇರುವುದು ರೂಢಿ. ಮಣ್ಣಿನಲ್ಲಿ ಕನ್ನಡದ ಹುಡುಗಿಯರು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕಿನ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದು ಬಂದರು. ಡಾಂಬರಿನ ಮೇಲೆ, ಬಯಲು ಗಾಲಿಯ ಕಾರಿನಲ್ಲಿ ಮಾತ್ರ ಬೇರೆ ವಿಭಾಗವೂ ಇಲ್ಲ, ಹತ್ತಿರದಲ್ಲಿ ಟ್ರ್ಯಾಕೂ ಇಲ್ಲ. ಲಾರಿ ಹತ್ತಿಸಿಕೊಂಡು ಹೋಗಬೇಕು.

ಜನವರಿಯ ಒಂದು ನಸುಕು. ತಾಡಪಾಲು ಹೊದಿಸಿ ಹಗ್ಗ ಬಿಗಿದ ಕಾರನ್ನು ಹೊತ್ತ ಈಚರ್ ಲಾರಿ ನಂಜನಗೂಡಿನ ದಾರಿ ಹಿಡಿಯುತ್ತದೆ. ಹಿಂದೆ ಬಾಡಿಗೆ ಟೆಂಪೋ ಟ್ರಾವೆಲರಿನಲ್ಲಿ ನಿದ್ದೆಗಣ್ಣಿನ ತಂಡ. ಕಬಿನಿಯ ನೀರು ಕುಡಿದ ಗದ್ದೆಗಳ ಮೇಲೆ ಮಂಜು ತೂಗುತ್ತಿದೆ. ಚಾಮರಾಜನಗರದಲ್ಲಿ ಇಡ್ಲಿ-ವಡೆ, ಬಿಸಿ ಬಿಸಿ ಕಾಫಿ. ಪುಣಜನೂರು ದಾಟಿದ ಮೇಲೆ ಕಾಡು. ಹಾಸನೂರಿನ ಬಿದಿರುಮೆಳೆಗಳ ಪಕ್ಕ ಆನೆ ಲದ್ದಿ ಇನ್ನೂ ಹಸಿಯಾಗಿಯೇ ಇರುತ್ತದೆ. ದಿಂಬಂ ಘಾಟಿಯ ನೆತ್ತಿಗೆ ಬಂದು ಚಾಲಕ ಮೊದಲ ಗೇರಿಗೆ ಇಳಿಸುತ್ತಾನೆ. ಇಪ್ಪತ್ತೇಳು ಹೇರ್‌ಪಿನ್ ತಿರುವುಗಳು, ಪ್ರತಿ ತಿರುವಿಗೂ ನಂಬರಿನ ಫಲಕ. ಎದುರು ಬರುವ ಕಬ್ಬಿನ ಲಾರಿಗೆ ದಾರಿ ಬಿಟ್ಟುಕೊಂಡು, ಬ್ರೇಕಿನ ಸುಟ್ಟ ವಾಸನೆ ಕುಡಿಯುತ್ತಾ ಇಳಿಯಬೇಕು. ಹುಡುಗಿ ಕಿಟಕಿಗೆ ಹಣೆ ಒತ್ತಿ ಪ್ರತಿ ತಿರುವನ್ನೂ ನೋಡುತ್ತಾಳೆ: ಎಲ್ಲಿ ಬ್ರೇಕು, ಎಲ್ಲಿ ಒಳಗೆ ತಿರುಗಬೇಕು, ಎಲ್ಲಿ ಬಿಡಬೇಕು. ಬಣ್ಣಾರಿ ಅಮ್ಮನ ಗುಡಿ ಮುಂದೆ ಲಾರಿ ನಿಂತಾಗ ಡ್ರೈವರಣ್ಣ ಕುಂಕುಮ ತಂದು ಮೊದಲು ಸ್ಟಿಯರಿಂಗಿಗೆ, ಆಮೇಲೆ ತಾಡಪಾಲಿನಡಿ ಕೈ ತೂರಿಸಿ ರೇಸ್ ಕಾರಿನ ಮೂತಿಗೆ ಹಚ್ಚಿದ. ಮೈಸೂರಿನಿಂದ ಸುಮಾರು 200 ಕಿ.ಮೀ. ಆಗುವ ಹೊತ್ತಿಗೆ ಕೊಯಮತ್ತೂರು.

ಊರಾಚೆಯ ಚೆಟ್ಟಿಪಾಳ್ಯದ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ ಸುತ್ತು. ಸುತ್ತ ತೆಂಗಿನ ತೋಟ, ಕುರುಚಲು, ಮೇಲೆ ಕಣ್ಣು ಕುಕ್ಕುವ ಬಿಸಿಲು. ಟ್ರ್ಯಾಕಿಗೆ ಹೆಸರು ಬಂದದ್ದು ಎಸ್. ಕರಿವರ್ಧನ್ ಅವರಿಂದ. ಮಾರುತಿ ಎಂಜಿನ್ ಇಟ್ಟು ಅಗ್ಗದ ಸಿಂಗಲ್ ಸೀಟರ್ ಕಾರುಗಳನ್ನು ಕಟ್ಟಿ, ಫಾರ್ಮುಲಾ ಮಾರುತಿ ಎಂದು ಕರೆದು, ದುಡ್ಡಿದ್ದವರ ಆಟವನ್ನು ಒಂದು ಮೆಟ್ಟಿಲು ಕೆಳಗಿಳಿಸಿದ ಮನುಷ್ಯ; 1995ರಲ್ಲಿ ವಿಮಾನ ಅಪಘಾತದಲ್ಲಿ ಹೋದರು. ನಾರಾಯಣ್ ಕಾರ್ತಿಕೇಯನ್ ಮೊದಲು ರೇಸಿಗಿಳಿದದ್ದು ಅಂಥದೇ ಕಾರಿನಲ್ಲಿ. ಅದೇ ಬಗೆಯ, ಊರಲ್ಲೇ ಕಟ್ಟಿದ ಎಲ್‌ಜಿಬಿ ಫಾರ್ಮುಲಾ 4 ಕಾರುಗಳು ಈಗಲೂ ಈ ಟ್ರ್ಯಾಕಿನಲ್ಲಿ ಜೆಕೆ ಟೈರ್ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ಸಾಲುಗಟ್ಟುತ್ತವೆ.

ನಮ್ಮ ನೆಲದ ಹೆಣ್ಣುಮಕ್ಕಳು ಬಯಲು ಗಾಲಿಯ ಕಾರಿನಲ್ಲಿ ಕಾಣಿಸಿಕೊಂಡದ್ದು ಇಂಥ ಟ್ರ್ಯಾಕುಗಳಲ್ಲೇ. ಚೆನ್ನೈನ ಅಲಿಶಾ ಅಬ್ದುಲ್ಲಾ ಬೈಕ್ ರೇಸರ್ ಆರ್.ಎ. ಅಬ್ದುಲ್ಲಾ ಅವರ ಮಗಳು. ಗೋ-ಕಾರ್ಟಿನಿಂದ ಶುರುಮಾಡಿ, ಹದಿಹರೆಯದಲ್ಲೇ ಫಾರ್ಮುಲಾ ಕಾರು ಹತ್ತಿ, ಆಮೇಲೆ ಬೈಕಿಗೆ ಹೋದರು. ಸ್ನೇಹಾ ಶರ್ಮಾ ಇಂಡಿಗೋ ವಿಮಾನದ ಪೈಲಟ್ ಆಗಿದ್ದುಕೊಂಡೇ ರೇಸಿನ ದಿನಗಳಲ್ಲಿ ಫಾರ್ಮುಲಾ 4 ಚಾಲಕಿಯಾಗಿದ್ದರು. ವಡೋದರಾದ ಮೀರಾ ಎರ್ಡಾ ಒಂಬತ್ತನೇ ವಯಸ್ಸಿಗೇ ಗೋ-ಕಾರ್ಟ್ ಹಿಡಿದು, ಹದಿನೆಂಟು ತುಂಬುವ ಮೊದಲೇ ದೇಶದ ಗಂಡು ಹುಡುಗರ ನಡುವೆ ಫಾರ್ಮುಲಾ ಕಾರು ಓಡಿಸುತ್ತಿದ್ದರು. 2018ರಲ್ಲಿ ಅಹುರಾ ರೇಸಿಂಗ್ ಬರೀ ಹೆಣ್ಣುಮಕ್ಕಳದೇ ಒಂದು ತಂಡ ಕಟ್ಟಿ ಎಲ್‌ಜಿಬಿ ಫಾರ್ಮುಲಾ 4 ರೇಸಿಗೆ ಇಳಿಸಿತು. ಅಲ್ಲಿಯವರೆಗೆ ಟ್ರ್ಯಾಕಿನಲ್ಲಿ ಒಬ್ಬಳು ಕಂಡರೆ ಕ್ಯಾಮೆರಾಗಳೆಲ್ಲ ಅವಳ ಕಡೆ ತಿರುಗುತ್ತಿದ್ದವು. ಗ್ರಿಡ್ಡಿನಲ್ಲಿ ಅಷ್ಟು ಮಂದಿ ಒಟ್ಟಿಗೆ ನಿಂತಾಗ ನೋಡುವವರಿಗೆ ಕೊನೆಗೂ ಯಾರು ಎಷ್ಟು ಜೋರಾಗಿ ಓಡಿಸುತ್ತಾರೆಂದು ನೋಡುವ ಪುರುಸೊತ್ತಾಯಿತು.

ವಿದ್ಯಾರ್ಥಿಗಳ ಫಾರ್ಮುಲಾ ಭಾರತ್ ಸ್ಪರ್ಧೆಯ ದಿನ ಪಿಟ್ಟಿನಲ್ಲಿ ದೇಶದ ಎಲ್ಲ ಭಾಷೆಯೂ ಒಟ್ಟಿಗೆ ಕೇಳುತ್ತದೆ. ಮೊದಲು ಕಾರಿಗೆ ತಪಾಸಣೆ. ಕಾರನ್ನು ಒಂದು ಮೇಜಿನ ಮೇಲೇರಿಸಿ, ತಂಡದ ಅತಿ ಎತ್ತರದ ಚಾಲಕನನ್ನು ಒಳಗೆ ಕೂರಿಸಿ, ಮೇಜನ್ನು ಅರುವತ್ತು ಡಿಗ್ರಿ ವಾಲಿಸುತ್ತಾರೆ. ಗಾಲಿ ಏಳಬಾರದು, ಪೆಟ್ರೋಲು ಎಣ್ಣೆ ಒಂದು ಹನಿ ತೊಟ್ಟಿಕ್ಕಬಾರದು. ಒಳಗಿರುವ ಹುಡುಗ ಬೆಲ್ಟಿನಲ್ಲಿ ನೇತಾಡುತ್ತಾ ಕಣ್ಣು ಮುಚ್ಚಿಕೊಂಡಿದ್ದಾನೆ. ಕೆಳಗೆ ಬಿಳಿ ಕಾಗದ ಹಾಸಿಟ್ಟು ನಮ್ಮ ತಂಡದವರು ಮಂಡಿಯೂರಿ ಕೂತಿದ್ದಾರೆ. ಕಾಗದ ಬೆಳ್ಳಗೇ ಉಳಿಯಿತು. ಆಮೇಲೆ ಸದ್ದಿನ ಪರೀಕ್ಷೆ, ನಾಲ್ಕೂ ಗಾಲಿ ಒಟ್ಟಿಗೆ ನಿಲ್ಲಬೇಕಾದ ಬ್ರೇಕಿನ ಪರೀಕ್ಷೆ, 75 ಮೀಟರಿನ ನೇರ ಓಟ, ಎಂಟರ ಸುತ್ತು. ಕೊನೆಯದು ಸಹನೆಯ ಓಟ, ಹೆಚ್ಚು ಕಾರುಗಳು ಹೊಗೆಯೆಬ್ಬಿಸಿ ನಿಂತುಹೋಗುವುದೂ ಅದರಲ್ಲೇ: ಒಟ್ಟು 22 ಕಿ.ಮೀ. ಅರ್ಧ ಒಬ್ಬರು, ಮಿಕ್ಕರ್ಧ ಇನ್ನೊಬ್ಬರು. ಒಬ್ಬರೇ ಎಲ್ಲ ಓಟಕ್ಕೂ ಕೂರುವಂತಿಲ್ಲ. ತಂಡಕ್ಕೆ ನಾಲ್ಕು ಮಂದಿಯಾದರೂ ಚಾಲಕರು ಬೇಕೇ ಬೇಕು. ಹಾಗಾಗಿಯೇ ಹುಡುಗಿಯರ ಕಡೆ ಕಣ್ಣು ಹಾಯುವುದೂ ಉಂಟು.

ಮೊದಲರ್ಧ ಆರಡಿ ಎತ್ತರದ ಹುಡುಗ ಓಡಿಸಿದ. ಕಾರು ಒಳಬಂದು ನಿಂತಿತು. ರೇಡಿಯೇಟರಿನಿಂದ ಬಿಸಿ ಹಬೆ, ಟೈರಿಗೆ ಮೆತ್ತಿದ ಟಾರಿನ ಕಾಳು. ಇನ್ನು ಮೂರು ನಿಮಿಷ. ಅಷ್ಟರೊಳಗೆ ಅವನು ಹೊರಬರಬೇಕು, ಇವಳು ಒಳಹೋಗಬೇಕು. ಸೀಟಿನೊಳಕ್ಕೆ ಇವಳ ಬೆನ್ನಿಗೆಂದೇ ಅಚ್ಚು ತೆಗೆದ ಸ್ಪಂಜು ಇಳಿಯಿತು. ಒಬ್ಬಳು ತಲೆಕೆಳಗಾಗಿ ಬಗ್ಗಿ ಪೆಡಲಿನ ಪಿನ್ನು ಕಿತ್ತು, ಹಳಿಯ ಮೇಲೆ ಜಾರಿಸಿ, ಮತ್ತೆ ಕೂರಿಸಿದಳು. ಆರು ಕಡೆಯ ಬೆಲ್ಟನ್ನೂ ಎಳೆದೆಳೆದು, ಉಸಿರು ಕಟ್ಟುವಷ್ಟು ಬಿಗಿದರು. ಕೈಪಟ್ಟಿ. ಸ್ಟಿಯರಿಂಗ್ ‘ಟಕ್’ ಎಂದು ಕೂತಿತು. “ಪಿನ್ ಚೆಕ್!” “ಚೆಕ್!” ವಾಚಿನವನು ಕೂಗುತ್ತಿದ್ದ ಸೆಕೆಂಡುಗಳನ್ನು ಇವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಿಸಿಯಾದ ಎಂಜಿನ್ ಮತ್ತೆ ಹತ್ತುವುದೋ ಇಲ್ಲವೋ ಎಂದು ಎಲ್ಲರೂ ಉಸಿರು ಬಿಗಿಹಿಡಿದಾಗ ಅದು ಒಂದೇ ಸಲಕ್ಕೆ ಗುರ್ರೆಂದಿತು.

ಆಮೇಲಿನ ಹನ್ನೊಂದು ಕಿಲೋಮೀಟರು ಬೇಲಿಯಾಚೆಯಿಂದ ನೋಡುವವರಿಗೆ ಒಂದು ಹೆಲ್ಮೆಟ್ ಅಷ್ಟೇ ಕಾಣುತ್ತದೆ. ಕೋನುಗಳ ಸಂದಿಯಲ್ಲಿ ಬಾಲ ಅಲ್ಲಾಡಿಸುತ್ತಾ ಹೋಗುವ ಕಾರಿನೊಳಗೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಒಂದು ಕೋನು ಬೀಳಿಸಿದರೆ ಎರಡು ಸೆಕೆಂಡು ದಂಡ, ಯಾರು ಬೀಳಿಸಿದರೂ ಅಷ್ಟೇ. ಪೆಟ್ರೋಲ್ ಎಷ್ಟು ಕುಡಿಯಿತೆನ್ನುವುದಕ್ಕೂ ಅಂಕವಿದೆ. ಹಾಗಾಗಿ ಎಲ್ಲಿ ಕಾಲು ಎತ್ತಬೇಕೆಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇರಬೇಕು. ಇಂಡಿಕಾರ್ ರೇಸನ್ನು ಇದುವರೆಗೆ ಗೆದ್ದ ಒಬ್ಬಳೇ ಹೆಣ್ಣು ಡ್ಯಾನಿಕಾ ಪ್ಯಾಟ್ರಿಕ್. 2008ರ ಏಪ್ರಿಲ್ 20ರಂದು ಜಪಾನಿನ ಮೊಟೆಗಿಯಲ್ಲಿ ಅವರು ಗೆದ್ದದ್ದು ಈ ಲೆಕ್ಕದಿಂದಲೇ. ಕೊನೆಯ ಸುತ್ತುಗಳಲ್ಲಿ ಮುಂದಿದ್ದ ಹಲವರು ಇಂಧನಕ್ಕಾಗಿ ಪಿಟ್ಟಿಗೆ ತಿರುಗಿಕೊಂಡಾಗ, ಅಳೆದು ಉಳಿಸಿದ ಇಂಧನದಲ್ಲಿ ಅವರು ಮುಂದೆ ಹೋಗಿಬಿಟ್ಟರು. ನಮ್ಮ ಹುಡುಗಿ ಒಂದೇ ಕೋನು ಬೀಳಿಸಿ ಗೆರೆ ದಾಟಿದಳು. ಬಹುಮಾನದ ಹತ್ತಿರವೂ ಅಲ್ಲ. ಆದರೆ ಅರ್ಧದಲ್ಲೇ ನಿಂತ ಕಾರುಗಳ ಪಟ್ಟಿಯಲ್ಲೂ ಅಲ್ಲ.

1950ರಲ್ಲಿ ಫಾರ್ಮುಲಾ 1 ವಿಶ್ವ ಚಾಂಪಿಯನ್‌ಷಿಪ್ ಶುರುವಾದಾಗಿನಿಂದ ಗ್ರ್ಯಾನ್ ಪ್ರಿಗೆ ಹೆಸರು ಕೊಟ್ಟ ಹೆಣ್ಣುಮಕ್ಕಳು ಐವರು. ನಿಜವಾಗಿ ರೇಸು ಶುರುಮಾಡಿದವರು ಇಬ್ಬರು, ಫಿಲಿಪ್ಪಿಸ್ ಮತ್ತು ಲೊಂಬಾರ್ದಿ. ಕೊನೆಯದಾಗಿ ಯತ್ನಿಸಿದ ಜೊವಾನ್ನಾ ಅಮಾತಿಯವರದು 1992ರ ಮಾತು. ಇಷ್ಟು ಕಮ್ಮಿ ಯಾಕೆಂದು ತೋಳಬಲ, ಕತ್ತಿನ ಬಲ, ಧೈರ್ಯ ಎಂದೆಲ್ಲ ವಾದಿಸಿದವರಿದ್ದಾರೆ. ಷೆಡ್ಡಿನಲ್ಲಿ ಒಂದು ದಿನ ಕಳೆದವರಿಗೆ ಉತ್ತರ ಬೇರೆ ಕಾಣುತ್ತದೆ. ಓಡಿಸುವುದಕ್ಕಿಂತ ಕಷ್ಟ ಸೀಟು ಸಿಗುವುದು. ಎಂಟು ವರ್ಷಕ್ಕೆ ಕಾರ್ಟ್ ಕೊಡಿಸುವ ಅಪ್ಪ ಬೇಕು, ಟೈರಿಗೆ ಪೆಟ್ರೋಲಿಗೆ ದುಡ್ಡು ಹಾಕುವ ಪ್ರಾಯೋಜಕ ಬೇಕು, ಅಭ್ಯಾಸಕ್ಕೆ ಜಾಗ ಬೇಕು, ಸಂಜೆ ಏಳಾದರೂ ಮಗಳು ಷೆಡ್ಡಿನಲ್ಲಿದ್ದಾಳೆಂದರೆ ತಲೆ ಕೆಡಿಸಿಕೊಳ್ಳದ ಅಮ್ಮ ಬೇಕು. 2019ರಲ್ಲಿ ಶುರುವಾದ ಡಬ್ಲ್ಯು ಸೀರೀಸ್ ಕಾರು-ಖರ್ಚೆಲ್ಲ ತಾನೇ ಹೊತ್ತು ಹೆಣ್ಣುಮಕ್ಕಳನ್ನು ಕೂರಿಸಿತು. ಮೂರು ಸಲವೂ ಜೇಮೀ ಚ್ಯಾಡ್ವಿಕ್ ಚಾಂಪಿಯನ್ ಆದರು. 2022ರಲ್ಲಿ ದುಡ್ಡು ಮುಗಿದು ಸರಣಿಯೇ ನಿಂತಿತು. 2023ರಿಂದ ಎಫ್‌1 ಅಕಾಡೆಮಿ ಫಾರ್ಮುಲಾ 4 ಮಟ್ಟದ ಕಾರುಗಳಲ್ಲಿ ಆ ಕೆಲಸ ಹಿಡಿದಿದೆ. ಸೀಟು ಕೊಟ್ಟರೆ ಏನಾಗುತ್ತದೆನ್ನುವುದಕ್ಕೆ ಚ್ಯಾಡ್ವಿಕ್ ಅವರೇ ಸಾಕ್ಷಿ: ಅಮೆರಿಕಕ್ಕೆ ಹೋಗಿ, 2024ರಲ್ಲಿ ಗಂಡಸರ ನಡುವೆಯೇ ಇಂಡಿ ಎನ್‌ಎಕ್ಸ್‌ಟಿ ರೇಸನ್ನು ರೋಡ್ ಅಮೆರಿಕ ಟ್ರ್ಯಾಕಿನಲ್ಲಿ ಗೆದ್ದರು.

ಕೊಯಮತ್ತೂರಿನಿಂದ ಮರಳಿದ ವಾರ ಕಾಲೇಜಿನ ಷೆಡ್ಡಿನಲ್ಲಿ ಮುಂದಿನ ಕಾರಿನ ಕೆಲಸ ಹಂಚಿಕೆ. ಬಾಗಿಲಲ್ಲಿ ಮೊದಲ ವರ್ಷದ ಹುಡುಗಿಯರ ಒಂದು ಗುಂಪು ಒಳಗೆ ಬರಲೋ ಬೇಡವೋ ಎಂದು ನಿಂತಿದೆ. ನಮ್ಮ ಹುಡುಗಿ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದು ಎಲ್ಲರ ಹೆಸರು ಬರೆದುಕೊಂಡಳು. ಒಬ್ಬೊಬ್ಬಳನ್ನೇ ಹಳೆಯ ಕಾರಿನಲ್ಲಿ ಕೂರಿಸಿ, ಪೆಡಲಿಗೆ ಕಾಲು ಎಷ್ಟು ದೂರವೆಂದು ಟೇಪಿನಲ್ಲಿ ಅಳೆದಳು. “ನಂಗೆ ಕಾರೇ ಓಡ್ಸಕ್ಕೆ ಬರಲ್ಲ ಅಕ್ಕ, ಸ್ಕೂಟಿ ಅಷ್ಟೇ” ಎಂದು ಒಬ್ಬಳು ಗೊಣಗಿದಳು.

“ಅದಕ್ಕೇನಂತೆ! ಮೊದ್ಲು ಹೋಗಿ ಎಲ್ಎಲ್ಆರ್ ಮಾಡಿಸ್ಕೊಂಡ್ ಬಾ. ಮಿಕ್ಕಿದ್ದು ನಾನ್ ಕಲಿಸ್ತೀನಿ.”